ಹೊಸ ಮೆಟ್ಟು ಏಕೆ ಕಚ್ಚುತ್ತದೆ?

ಮಾಘಮಾಸ ಬಂತೆಂದರೆ ಕೊಟ್ಟೂರಿನ ಕಡೆಗೆ ಹೋಗುವ ದಾರಿಗಳೆಲ್ಲ ಕಾಲುನಡಿಗೆಯ ಯಾತ್ರಿಕರಿಂದ ತುಂಬುತ್ತವೆ. ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದಲೂ ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಗ್ರಾಮಗಳಿಂದಲೂ ಜನರು ಗುಂಪುಗುಂಪಾಗಿ ನಡೆದು ಬರುತ್ತಾರೆ. ಅದೇ ಕಾಲದಲ್ಲಿ, ಭಾರತ ಹುಣ್ಣಿಮೆಯ ಬೆನ್ನಲ್ಲೇ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನ ಕಾರ್ಣಿಕವನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಜಾತ್ರೆಗೆಂದು ಹೊಸ ಬಟ್ಟೆಯೊಡನೆ ಹೊಸ ಮೆಟ್ಟನ್ನೂ ಕೊಳ್ಳುವುದು ವಾಡಿಕೆ. ಹೀಗೆ ಕೊಂಡ ಮೆಟ್ಟನ್ನು ತೊಟ್ಟು ಹೊರಟವರಲ್ಲಿ ಕೆಲವರು ಅರ್ಧ ದಾರಿಯಲ್ಲಿಯೇ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಡೆಯುವುದನ್ನು ಕಾಣಬಹುದು. ಕೇಳಿದರೆ, “ಮೆಟ್ಟು ಕಚ್ಚಿತು” ಎಂಬ ಉತ್ತರ ಬರುತ್ತದೆ.

ಹಾವು ಕಚ್ಚುತ್ತದೆ, ನಾಯಿ ಕಚ್ಚುತ್ತದೆ. ಕನ್ನಡದಲ್ಲಿ ಹೊಸ ಪಾದರಕ್ಷೆಯೂ ಕಚ್ಚುತ್ತದೆ. ಹಲ್ಲಿಲ್ಲದ ಈ ವಸ್ತು ಕಚ್ಚುವ ಬಗೆ ಎಂತಹುದು? ಬಿಗಿಯಾದ ಬೂಟನ್ನು ಸಡಿಲಿಸಲು ಮನೆಮನೆಗಳಲ್ಲಿ ಹೇಳುವ ಹತ್ತಾರು ಉಪಾಯಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಈ ಪ್ರಶ್ನೆಗಳು ಅಲ್ಪವೆಂದು ತೋರಬಹುದು. ಆದರೆ ಇವುಗಳ ಉತ್ತರದಲ್ಲಿ ಘನವಸ್ತುಗಳ ಭೌತಶಾಸ್ತ್ರದ ಒಂದು ಮುಖ್ಯ ಅಧ್ಯಾಯವೇ ಅಡಗಿದೆ. ಅಷ್ಟೇ ಅಲ್ಲ, ಕೆಲವರ ಪಾಲಿಗೆ ಕಾಲಿನ ಉಳಿವು ಅಳಿವುಗಳೂ ಇದರಲ್ಲಿ ಸೇರಿವೆ. ಆದುದರಿಂದ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಒತ್ತಡ ಮತ್ತು ಉಜ್ಜುವಿಕೆ

ಒಂದು ಪಟ್ಟಿಯನ್ನು ದುಂಡಾದ ವಸ್ತುವಿನ ಮೇಲೆ ಬಿಗಿದರೆ ಅದು ಒಳಮುಖವಾಗಿ ಒತ್ತುತ್ತದೆ. ಈ ಒತ್ತಡವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಪಟ್ಟಿಯಲ್ಲಿರುವ ಎಳೆತ ಎಷ್ಟು, ಮತ್ತು ವಸ್ತುವಿನ ದುಂಡಿನ ತ್ರಿಜ್ಯ ಎಷ್ಟು. ಎಳೆತ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ತ್ರಿಜ್ಯ ಹೆಚ್ಚಿದಂತೆ ಒತ್ತಡ ಕಡಮೆಯಾಗುತ್ತದೆ. ೧ ಸೆಂಟಿಮೀಟರ್ ಅಗಲದ ಚರ್ಮದ ಪಟ್ಟಿಯಲ್ಲಿ ೧ ಕಿಲೋಗ್ರಾಂ ತೂಕದಷ್ಟು ಎಳೆತವಿದೆಯೆಂದು ಭಾವಿಸೋಣ. ಪಾದದ ಮೇಲ್ಭಾಗದಲ್ಲಿ, ೫ ಸೆಂಟಿಮೀಟರ್ ತ್ರಿಜ್ಯದ ವಿಶಾಲವಾದ ಬಾಗಿನ ಮೇಲೆ, ಅದು ಚದರ ಸೆಂಟಿಮೀಟರಿಗೆ ೨೦೦ ಗ್ರಾಂ ಒತ್ತಡವನ್ನುಂಟುಮಾಡುತ್ತದೆ. ಅದೇ ಪಟ್ಟಿ ಕಿರುಬೆರಳಿನ ಬುಡದ ಗಂಟಿನ ಮೇಲೆ, ೧ ಸೆಂಟಿಮೀಟರ್ ತ್ರಿಜ್ಯದ ಬಾಗಿನಲ್ಲಿ, ೧೦೦೦ ಗ್ರಾಂ ಒತ್ತಡವನ್ನುಂಟುಮಾಡುತ್ತದೆ. ಎಳೆತ ಒಂದೇ, ಒತ್ತಡ ಐದು ಪಟ್ಟು. ಬೂಟು ಇಡೀ ಪಾದವನ್ನು ಒಂದೇ ಸಮನೆ ಹಿಡಿದಿದ್ದರೂ ಹೆಬ್ಬೆರಳಿನ ಗಂಟು, ಕಿರುಬೆರಳು, ಹಿಮ್ಮಡಿಯ ಅಂಚು ಇಂತಹ ಕೆಲವೆಡೆಗಳಲ್ಲಿಯೇ ಕಚ್ಚುವುದಕ್ಕೆ ಇದೇ ಕಾರಣ.

ಈ ಅಂಕಿಗಳ ಅರ್ಥವನ್ನು ಇನ್ನೊಂದು ಅಂಕಿಯೊಡನೆ ಹೋಲಿಸಿ ತಿಳಿಯಬಹುದು. ನಮ್ಮ ಚರ್ಮದಲ್ಲಿ ಹರಡಿಕೊಂಡಿರುವ ಕೂದಲಿಗಿಂತಲೂ ತೆಳುವಾದ ರಕ್ತನಾಳಗಳಲ್ಲಿ ರಕ್ತದ ಒತ್ತಡವು ಸುಮಾರು ೩೦ ಮಿಲಿಮೀಟರ್ ಪಾದರಸದಷ್ಟು; ಎಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಮೆ ೪೦ ಗ್ರಾಂ. ಹೊರಗಿನ ಒತ್ತಡವು ಇದನ್ನು ಬಹಳವಾಗಿ ಮೀರಿದರೆ ಆ ನಾಳಗಳು ಮುಚ್ಚಿಕೊಳ್ಳುತ್ತವೆ. ಬೆರಳಿನಿಂದ ಅಂಗೈಯನ್ನು ಅದುಮಿದಾಗ ಆ ಜಾಗ ಬಿಳಿಚುವುದು ಇದರಿಂದಲೇ. ಬೂಟಿನೊಳಗೆ ಗಂಟೆಗಟ್ಟಲೆ ಹೀಗೆ ಅದುಮಿಸಿಕೊಂಡ ಜಾಗಕ್ಕೆ ರಕ್ತ ಸರಿಯಾಗಿ ಹರಿಯದು. ನೋವಿನ ಮೂಲಕ ದೇಹವು ಅದನ್ನು ನಮಗೆ ತಿಳಿಸುತ್ತದೆ.

ಎರಡನೆಯ ಬಗೆಯ ಕಡಿತವು ಉಜ್ಜುವಿಕೆಯದು. ಹೆಜ್ಜೆ ಹೆಜ್ಜೆಗೂ ಹಿಮ್ಮಡಿಯ ಎಲುಬು ಒಳಗೆ ಮೇಲಕ್ಕೂ ಕೆಳಕ್ಕೂ ಜರುಗುತ್ತದೆ; ಹೊರಗಿನ ಚರ್ಮವನ್ನು ಬೂಟು ಹಿಡಿದುಕೊಂಡಿರುತ್ತದೆ. ಇವೆರಡರ ನಡುವೆ ಸಿಕ್ಕ ಚರ್ಮದ ಪದರಗಳು ಒಂದರ ಮೇಲೊಂದು ಜಾರಲೆತ್ನಿಸಿ, ಸಾವಿರಾರು ಹೆಜ್ಜೆಗಳಾದ ಮೇಲೆ, ಒಳಗೊಳಗೇ ಹರಿಯುತ್ತವೆ. ಆ ಬಿರುಕಿನಲ್ಲಿ ನೀರು ತುಂಬಿಕೊಂಡಾಗ ಬೊಬ್ಬೆ ಏಳುತ್ತದೆ. ಬೆವರಿನಿಂದ ಸ್ವಲ್ಪ ಒದ್ದೆಯಾದ ಚರ್ಮಕ್ಕೆ ಒಣಚರ್ಮಕ್ಕಿಂತ ಘರ್ಷಣೆ ಹೆಚ್ಚು. ಆದುದರಿಂದ ಬೇಸಗೆಯ ನಡಿಗೆಯಲ್ಲಿ ಬೊಬ್ಬೆ ಬೇಗ ಏಳುತ್ತದೆ.

ಚರ್ಮವೆಂಬ ಹಗ್ಗದ ನೇಯ್ಗೆ

ಇನ್ನು ಮೆಟ್ಟಿನ ಚರ್ಮದ ಸ್ವಭಾವವನ್ನು ನೋಡೋಣ. ಹದಮಾಡಿದ ಚರ್ಮದ ಒಂದು ತುಂಡನ್ನು ಕತ್ತರಿಸಿ ಅಂಚನ್ನು ಭೂತಗನ್ನಡಿಯಿಂದ ನೋಡಿದರೆ ನಾರುನಾರಾದ ರಚನೆ ಕಾಣುತ್ತದೆ. ಈ ನಾರುಗಳು ಕೊಲಾಜನ್ ಎಂಬ ಪ್ರೋಟೀನಿನಿಂದ ಆದವು. ಬಟ್ಟೆಯಲ್ಲಿರುವಂತೆ ಹಾಸು ಹೊಕ್ಕುಗಳ ಕ್ರಮ ಇವುಗಳಲ್ಲಿಲ್ಲ. ಮೇಲೆ ಕೆಳಗೆ, ಅಡ್ಡ ಉದ್ದ, ಮೂರು ದಿಕ್ಕುಗಳಲ್ಲಿಯೂ ಹೆಣೆದುಕೊಂಡಿರುತ್ತವೆ.

ಈ ಕೊಲಾಜನ್ನಿನ ಅಣುರಚನೆಯನ್ನು ಬಿಡಿಸಿದ ಕೀರ್ತಿ ನಮ್ಮ ದಕ್ಷಿಣ ಭಾರತದ್ದು. ಮದರಾಸಿನ ಅಡಯಾರಿನಲ್ಲಿ ೧೯೪೮ರಲ್ಲಿ ಕೇಂದ್ರ ಚರ್ಮ ಸಂಶೋಧನಾಲಯವು ಸ್ಥಾಪನೆಯಾಯಿತು. ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಿ. ಎನ್. ರಾಮಚಂದ್ರನ್ ಅವರಿಗೆ ಅಧ್ಯಯನಕ್ಕೆ ಬೇಕಾದ ಕೊಲಾಜನ್ ದೊರೆತದ್ದು ಈ ಸಂಶೋಧನಾಲಯದಿಂದ. ಅದು ಕಾಂಗರೂವಿನ ಬಾಲದ ಸ್ನಾಯುರಜ್ಜು. ಅದರ ಮೂಲಕ ಕ್ಷಕಿರಣಗಳನ್ನು ಹಾಯಿಸಿ ದೊರೆತ ಚಿತ್ರಗಳಿಂದ ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು ೧೯೫೪ರಲ್ಲಿ ಕೊಲಾಜನ್ನಿನ ಮೂರೆಳೆಯ ರಚನೆಯನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅದೇ ಸಂಸ್ಥೆಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಈ ರಚನೆಯನ್ನು ತಿಳಿಯಲು ರೈತನು ಹಗ್ಗ ಹೊಸೆಯುವುದನ್ನು ನೆನೆದರೆ ಸಾಕು. ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಒಂದು ಹುರಿಯಾಗುತ್ತವೆ. ಇಂತಹ ಅಸಂಖ್ಯಾತ ಹುರಿಗಳು ಸೇರಿ ಎಳೆ, ಎಳೆಗಳು ಸೇರಿ ನಾರು, ನಾರುಗಳು ಸೇರಿ ಚರ್ಮ. ಹಗ್ಗವನ್ನು ಎಳೆದರೆ ಅದು ಹೆಚ್ಚು ಉದ್ದವಾಗದು. ಆದರೆ ಹಗ್ಗಗಳ ರಾಶಿಯೊಂದನ್ನು ಎಳೆದರೆ ಅಡ್ಡವಾಗಿದ್ದ ಹಗ್ಗಗಳು ಎಳೆತದ ಕಡೆಗೆ ತಿರುಗುತ್ತವೆ, ಒಂದರ ಮೇಲೊಂದು ಜಾರುತ್ತವೆ; ರಾಶಿ ಹಿಗ್ಗುತ್ತದೆ. ಬೂಟು ಹಿಗ್ಗುವುದೆಂದರೆ ಇದೇ. ನಾರುಗಳು ಉದ್ದವಾಗುವುದಿಲ್ಲ; ತಮ್ಮ ಸ್ಥಾನವನ್ನು ಬದಲಿಸುತ್ತವೆ. ಹಿಗ್ಗಿಸುವ ಉಪಾಯಗಳೆಲ್ಲವೂ ನಾರುಗಳಿಗೆ ಜಾರಲು ಅನುಕೂಲ ಮಾಡಿಕೊಟ್ಟು, ಜಾರಿದ ಮೇಲೆ ಅಲ್ಲಿಯೇ ನಿಲ್ಲಿಸುವ ಉಪಾಯಗಳು.

ಹದದ ಎರಡು ಬಗೆ

ಚರ್ಮ ಹೇಗೆ ಹಿಗ್ಗುತ್ತದೆಂಬುದು ಅದನ್ನು ಹದಮಾಡಿದ ಕ್ರಮವನ್ನೂ ಅನುಸರಿಸಿದೆ. ಈ ಐದೂ ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರವರೆಗೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಸೀಮೆಯಲ್ಲಿದ್ದು, ಅಂದು ಮೈಸೂರು ರಾಜ್ಯಕ್ಕೆ ಸೇರಿದವು. ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಮಳೆ ಕಡಮೆಯಾದ ಈ ಸೀಮೆಯ ಬೀಳುಭೂಮಿಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ವಿಶೇಷವಾಗಿ ಬೆಳೆಯುತ್ತದೆ; ಕೆಲವೆಡೆ ಇದನ್ನು ಆವರಿಕೆ ಎನ್ನುತ್ತಾರೆ. ಇದರ ತೊಗಟೆಯ ಒಗರೇ ಒಂದು ಕಾಲಕ್ಕೆ ದಕ್ಷಿಣ ಭಾರತದ ಚರ್ಮೋದ್ಯಮದ ಆಧಾರವಾಗಿತ್ತು. ತಂಗಡಿ ಚಕ್ಕೆ, ಅಳಲೆಕಾಯಿ, ಜಾಲಿಯ ತೊಗಟೆ ಇವುಗಳ ಕಷಾಯದಲ್ಲಿ ತೊಗಲನ್ನು ವಾರಗಟ್ಟಲೆ ನೆನೆಹಾಕಿ ಹದಮಾಡುವ ವಿದ್ಯೆಯನ್ನು ಹಳ್ಳಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದರು. ಸಮಾಜವು ಅವರ ಕೆಲಸವನ್ನು ಬಳಸಿಕೊಂಡಿತು, ಅವರನ್ನು ಮಾತ್ರ ದೂರವಿರಿಸಿತು. ೧೨ನೆಯ ಶತಮಾನದ ಶರಣ ಹರಳಯ್ಯನ ಕಥೆಯನ್ನು ಭಕ್ತಿಯಿಂದ ಹೇಳುವ ನಾಡಿನಲ್ಲಿ ಇದು ನಡೆದದ್ದು ವಿಚಾರಾರ್ಹ.

ತೊಗಟೆಯ ಹದದಲ್ಲಿ ನಾರುಗಳ ನಡುವೆ ಒಗರು ತುಂಬಿ ನಿಲ್ಲುತ್ತದೆ. ಇಂತಹ ಚರ್ಮವನ್ನು ಒದ್ದೆ ಮಾಡಿ ಯಾವ ಆಕಾರದಲ್ಲಿ ಒಣಗಿಸಿದರೂ ಅದು ಆ ಆಕಾರವನ್ನು ಬಹುಮಟ್ಟಿಗೆ ಹಿಡಿದುಕೊಳ್ಳುತ್ತದೆ. ಹಳ್ಳಿಯ ದಪ್ಪ ಮೆಟ್ಟು ಮೊದಮೊದಲು ಕಲ್ಲಿನಂತಿದ್ದು, ಕೆಲವು ವಾರಗಳ ಮೇಲೆ ತೊಟ್ಟವನ ಪಾದದ ಅಚ್ಚನ್ನೇ ತನ್ನಲ್ಲಿ ಪಡೆಯುವುದು ಈ ಗುಣದಿಂದ.

ಎರಡನೆಯದು ಕ್ರೋಮಿಯಂ ಲವಣಗಳ ಹದ. ೨೦ನೆಯ ಶತಮಾನದ ಆದಿಯಲ್ಲಿ ಇದನ್ನು ಮದರಾಸಿನಲ್ಲಿ ಪ್ರಚಾರಕ್ಕೆ ತಂದವರಲ್ಲಿ ಮುಖ್ಯರು ಆಲ್ಫ್ರೆಡ್ ಚಾಟರ್ಟನ್; ಇವರೇ ಅನಂತರ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನೂ ನಡೆಸಿದರು. ಕ್ರೋಮಿಯಂ ಪರಮಾಣುಗಳು ಪಕ್ಕಪಕ್ಕದ ಹುರಿಗಳ ನಡುವೆ ಕೊಂಡಿಗಳಂತೆ ನಿಲ್ಲುತ್ತವೆ. ಈ ಚರ್ಮ ಮೃದು, ಶಾಖವನ್ನೂ ನೀರನ್ನೂ ಹೆಚ್ಚು ತಡೆಯಬಲ್ಲದು. ಆದರೆ ಎಳೆದು ಬಿಟ್ಟರೆ ಹಿಂದಕ್ಕೆ ಮರಳುವ ಸ್ವಭಾವ ಹೆಚ್ಚು. ಇಂದಿನ ಚರ್ಮದ ಬೂಟುಗಳಲ್ಲಿ ಮೇಲ್ಭಾಗವು ಸಾಮಾನ್ಯವಾಗಿ ಕ್ರೋಮ್ ಚರ್ಮವೇ. ಆದುದರಿಂದ ಅದನ್ನು ಹಿಗ್ಗಿಸಲು ಹೆಚ್ಚು ತಾಳ್ಮೆ ಬೇಕು. ರೆಕ್ಸಿನ್ ಮೊದಲಾದ ಕೃತಕ ಹಾಳೆಗಳ ವಿಷಯವೇ ಬೇರೆ. ಅವುಗಳಲ್ಲಿ ಜಾರತಕ್ಕ ಇಂತಹ ನಾರಿನ ಜಾಲವಿಲ್ಲ, ಬೆವರನ್ನು ಹೀರುವ ಶಕ್ತಿಯೂ ಇಲ್ಲ. ಅಂಗಡಿಯಲ್ಲಿಯೇ ಕತ್ತರಿಸಿದ ಅಂಚನ್ನು ನೋಡತಕ್ಕದ್ದು: ನಾರು ಕಂಡರೆ ಚರ್ಮ, ಬಟ್ಟೆಯ ಮೇಲೆ ಬಳಿದ ನುಣ್ಣನೆಯ ಪದರ ಕಂಡರೆ ಕೃತಕ. ಕೃತಕವಾದ ಬೂಟು ಅಂಗಡಿಯಲ್ಲಿ ಬಿಗಿಯಾಗಿದ್ದರೆ ಮನೆಯಲ್ಲಿಯೂ ಬಿಗಿಯಾಗಿಯೇ ಇರುತ್ತದೆ.

ಕಾಲ, ನೀರು, ಶಾಖ

ಚರ್ಮವನ್ನು ಹಿಗ್ಗಿಸುವುದರಲ್ಲಿ ಬಲಕ್ಕಿಂತ ಕಾಲವು ಮುಖ್ಯ. ಉಕ್ಕಿನ ಸುರುಳಿಗೆ ತೂಕ ಕಟ್ಟಿದರೆ ಅದು ತಟ್ಟನೆ ಹಿಗ್ಗಿ ನಿಲ್ಲುತ್ತದೆ. ತೆಗೆದರೆ ತಟ್ಟನೆ ಮರಳುತ್ತದೆ. ಜೇನುತುಪ್ಪವು ನಿಧಾನವಾಗಿ ಹರಿಯುತ್ತದೆ, ಮರಳುವುದಿಲ್ಲ. ಚರ್ಮವು ಇವೆರಡರ ನಡುವಣ ವಸ್ತು. ತೂಕ ಕಟ್ಟಿದೊಡನೆ ಸ್ವಲ್ಪ ಹಿಗ್ಗಿ, ಅನಂತರ ನಿಧಾನವಾಗಿ ಹಿಗ್ಗುತ್ತಲೇ ಹೋಗುತ್ತದೆ. ಈ ನಿಧಾನದ ಹಿಗ್ಗುವಿಕೆಯಲ್ಲಿ ಒಂದು ಸ್ಥೂಲ ನಿಯಮವಿದೆ. ೧ನೆಯ ನಿಮಿಷದಿಂದ ೧೦ನೆಯ ನಿಮಿಷದವರೆಗೆ ಎಷ್ಟು ಹಿಗ್ಗುವುದೋ, ೧೦ರಿಂದ ೧೦೦ನೆಯ ನಿಮಿಷದವರೆಗೂ ಸುಮಾರು ಅಷ್ಟೇ. ೧೦೦ರಿಂದ ೧೦೦೦ನೆಯ ನಿಮಿಷದವರೆಗೂ ಸುಮಾರು ಅಷ್ಟೇ. ೧೦೦೦ ನಿಮಿಷವೆಂದರೆ ೧೬ ಗಂಟೆ ೪೦ ನಿಮಿಷ. ಹತ್ತು ನಿಮಿಷ ಬಲವಾಗಿ ಎಳೆಯುವುದಕ್ಕಿಂತ ಒಂದು ರಾತ್ರಿ ಮಿತವಾಗಿ ಹಿಡಿದಿಡುವುದು ಮೇಲೆಂಬುದೂ, ಮೊದಲ ಎರಡು ಮೂರು ರಾತ್ರಿಗಳಲ್ಲಿ ಸಡಿಲವಾಗದ ಬೂಟು ತಿಂಗಳಾದರೂ ಹೆಚ್ಚು ಸಡಿಲವಾಗದೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಹಳೆಯ ಚರ್ಮದ ಚೀಲದಿಂದಲೋ ಮೆಟ್ಟಿನಿಂದಲೋ ಒಂದೇ ಅಳತೆಯ ಎರಡು ಪಟ್ಟಿಗಳನ್ನು ಕತ್ತರಿಸಿ, ಒಂದನ್ನು ಒಣಗಿರುವಂತೆಯೇ ಬಿಟ್ಟು, ಇನ್ನೊಂದನ್ನು ಒದ್ದೆ ಮಾಡಿ, ಎರಡನ್ನೂ ಮೊಳೆಗೆ ತೂಗುಹಾಕಿ ಸಮಾನ ತೂಕದ ಕಲ್ಲುಗಳನ್ನು ಕಟ್ಟಬೇಕು. ೧, ೧೦, ೧೦೦ ನಿಮಿಷಗಳಾದಾಗ ಉದ್ದವನ್ನು ಅಳೆದು ಬರೆದಿಡಬೇಕು. ಕಲ್ಲುಗಳನ್ನು ತೆಗೆಯದೆ ಒದ್ದೆಯ ಪಟ್ಟಿ ನೆರಳಿನಲ್ಲಿ ಒಣಗುವವರೆಗೆ ಕಾದು, ಆಮೇಲೆ ತೆಗೆದು ಮತ್ತೆ ಅಳೆಯಬೇಕು. ಒದ್ದೆಯ ಪಟ್ಟಿ ಹೆಚ್ಚು ಹಿಗ್ಗಿರುವುದೂ, ಹಿಗ್ಗಿದ್ದರಲ್ಲಿ ಹೆಚ್ಚು ಭಾಗವನ್ನು ಉಳಿಸಿಕೊಂಡಿರುವುದೂ ಕಂಡುಬರುತ್ತದೆ.

ಇದಕ್ಕೆ ಕಾರಣ ನೀರು. ಒಣಗಿದಂತೆ ಕಾಣುವ ಚರ್ಮದಲ್ಲಿಯೂ ಸಾಮಾನ್ಯವಾಗಿ ಶೇಕಡಾ ೧೨ರಿಂದ ೧೬ರಷ್ಟು ನೀರಿರುತ್ತದೆ. ನಾರುಗಳನ್ನು ಒಂದಕ್ಕೊಂದು ಹಿಡಿದಿರುವ ಹೈಡ್ರೋಜನ್ ಬಂಧಗಳ ನಡುವೆ ನೀರಿನ ಅಣುಗಳು ಸೇರಿಕೊಂಡು ಹಿಡಿತವನ್ನು ಸಡಿಲಿಸುತ್ತವೆ. ನೀರು ಹೆಚ್ಚಿದರೆ ನಾರುಗಳು ಸುಲಭವಾಗಿ ಜಾರುತ್ತವೆ. ನೀರು ಹೋದಾಗ ಹೊಸ ಸ್ಥಾನದಲ್ಲಿಯೇ ಬಂಧಗಳು ಮತ್ತೆ ಕೂಡುತ್ತವೆ. ಮುದುಡಿದ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವ ತತ್ತ್ವವೂ ಇದೇ. ಫೆಬ್ರುವರಿಯಿಂದ ಮೇವರೆಗೆ ಈ ಸೀಮೆಯ ಗಾಳಿ ಬಹಳ ಒಣಗಿರುವುದರಿಂದ ಚರ್ಮದ ನೀರೂ ಇಳಿದು ಅದು ಪೆಡಸಾಗುತ್ತದೆ. ಜಾತ್ರೆಯ ಕಾಲದ ಹೊಸ ಮೆಟ್ಟು ಮಳೆಗಾಲದ್ದಕ್ಕಿಂತ ಹೆಚ್ಚು ಕಚ್ಚುವುದು ಸಹಜ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಲಗೆ ತಮಟೆಗಳನ್ನು ಬಾರಿಸುವವರು ಆಗಾಗ ಅವನ್ನು ಬೆಂಕಿಯ ಬಳಿ ಹಿಡಿದು ಕಾಯಿಸುವುದನ್ನು ಎಲ್ಲರೂ ನೋಡಿದ್ದೇವೆ. ತೇವದಿಂದ ಸಡಿಲವಾದ ತೊಗಲು ಒಣಗಿ ಬಿಗಿಯಾಗಿ ನಾದ ಕೊಡಲೆಂದು ಹೀಗೆ ಮಾಡುತ್ತಾರೆ. ಒದ್ದೆಯಾದ ಬೂಟನ್ನು ಒಳಗೆ ಏನನ್ನೂ ತುಂಬದೆ ಬಿಸಿಲಿನಲ್ಲಿಯೋ ಒಲೆಯ ಬಳಿಯೋ ಇಟ್ಟರೆ ಆಗುವುದೂ ಇದೇ: ಅದು ಬಿಗಿದುಕೊಳ್ಳುತ್ತದೆ. ಶಾಖ ಇನ್ನೂ ಹೆಚ್ಚಿದರೆ ಕೊಲಾಜನ್ನಿನ ಮೂರೆಳೆಯ ಹುರಿಯೇ ಬಿಚ್ಚಿ ಸುರುಟಿಕೊಳ್ಳುತ್ತದೆ. ಒದ್ದೆಯಾದ ಹಸಿ ತೊಗಲಿಗೆ ಇದು ಸುಮಾರು ೬೦–೬೫ ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ತೊಗಟೆಯ ಹದದ ಚರ್ಮಕ್ಕೆ ೭೫–೮೫ ಡಿಗ್ರಿಗಳಲ್ಲಿಯೂ ನಡೆಯುತ್ತದೆ. ಒಳ್ಳೆಯ ಕ್ರೋಮ್ ಚರ್ಮವು ಕುದಿಯುವ ನೀರನ್ನೂ ತಡೆಯಬಲ್ಲದು. ಹೀಗೆ ಸುರುಟಿದ ಚರ್ಮವನ್ನು ಮತ್ತೆ ಸರಿಪಡಿಸಲು ಯಾರಿಂದಲೂ ಆಗದು. ಕ್ರೋಮ್ ಚರ್ಮ ಶಾಖವನ್ನು ತಡೆದರೂ ಅಟ್ಟೆಯನ್ನು ಅಂಟಿಸಿದ ಅಂಟು ತಡೆಯಲಾರದು.

ಮನೆಯ ಉಪಾಯಗಳ ಪರೀಕ್ಷೆ

ಈ ತತ್ತ್ವಗಳನ್ನು ಒರೆಗಲ್ಲಾಗಿಟ್ಟುಕೊಂಡು ಪ್ರಚಲಿತವಾದ ಉಪಾಯಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ದಪ್ಪ ಕಾಲುಚೀಲಗಳನ್ನು ಧರಿಸಿ ಮನೆಯೊಳಗೆ ನಡೆದಾಡುವುದು. ಎಲ್ಲಕ್ಕಿಂತ ಇದೇ ಉತ್ತಮ. ಪಾದವೇ ಅಚ್ಚಾಗಿರುವುದರಿಂದ ಎಲ್ಲಿ ಹಿಗ್ಗಬೇಕೋ ಅಲ್ಲಿಯೇ ಹಿಗ್ಗುತ್ತದೆ. ಮೈಯ ಬಿಸಿಯೂ ಬೆವರೂ ಚರ್ಮವನ್ನು ಮಿತವಾಗಿ ಸಡಿಲಿಸುತ್ತವೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಬೇಕೆಂದು ಕೆಲವರು ಹೇಳುವುದುಂಟು. ಶಾಖದ ಅಳತೆ ಕೈತಪ್ಪುವ ಸಂಭವವಿರುವುದರಿಂದ ಅದನ್ನು ಬಿಡುವುದು ಲೇಸು.

ಎರಡನೆಯದು, ಒದ್ದೆ ಕಾಗದವನ್ನೋ ಬಟ್ಟೆಯನ್ನೋ ಗಟ್ಟಿಯಾಗಿ ತುಂಬಿ ಒಣಗಲು ಬಿಡುವುದು. ತೇವ, ಎಳೆತ, ಒಣಗುವಿಕೆ ಮೂರೂ ಸೇರಿರುವುದರಿಂದ ಇದು ಶಾಸ್ತ್ರಸಮ್ಮತ. ಆದರೆ ಒದ್ದೆ ಕಾಗದ ಒಣಗುತ್ತ ಕುಗ್ಗಿ ಎಳೆತವನ್ನು ಕಳೆದುಕೊಳ್ಳುತ್ತದೆ. ಒಳಚರ್ಮವನ್ನು ಮಾತ್ರ ತೇವಮಾಡಿ, ಒಣಬಟ್ಟೆಯ ಸುರುಳಿಗಳನ್ನು ತುಂಬುವುದು ಇದಕ್ಕಿಂತ ಮೇಲು. ಮೋಚಿಗಳು ಮರದ ಅಚ್ಚನ್ನು ಬಳಸುವುದೂ ಇದಕ್ಕಾಗಿಯೇ, ಮರ ಕುಗ್ಗುವುದಿಲ್ಲ.

ಮೂರನೆಯದು, ಒದ್ದೆ ಜೋಳವನ್ನೋ ಕಡಲೆಯನ್ನೋ ತುಂಬಿಡುವುದು. ಧಾನ್ಯವು ನೀರು ಹೀರಿ ಉಬ್ಬುವಾಗ ಬಹಳ ಬಲವಾಗಿ ಒತ್ತುತ್ತದೆ. ಒಣಮರದ ಬೆಣೆ ಬಡಿದು ನೀರುಣಿಸಿ ಬಂಡೆಯನ್ನು ಸೀಳುತ್ತಿದ್ದರೆಂದು ಹೇಳುವುದೂ ಇದೇ ಬಲದ ಮಾತು. ಇಲ್ಲಿ ದೋಷವೇನೆಂದರೆ, ಬಲ ನಮ್ಮ ಹತೋಟಿಯಲ್ಲಿರುವುದಿಲ್ಲ. ಹೊಲಿಗೆ ಬಿಟ್ಟರೂ ಕಾಳು ಉಬ್ಬುವುದನ್ನು ನಿಲ್ಲಿಸದು. ಬೆಳಗಾಗುವಷ್ಟರಲ್ಲಿ ಹುಳಿವಾಸನೆಯೂ ಬೂಷ್ಟೂ ಬರಬಹುದು.

ನಾಲ್ಕನೆಯದು, ಚೀಲದಲ್ಲಿ ನೀರು ತುಂಬಿ ಬೂಟಿನೊಳಗಿಟ್ಟು ಫ್ರಿಜ್ಜಿನ ಹಿಮದ ಅರೆಯಲ್ಲಿಡುವುದು. ನೀರು ಹೆಪ್ಪುಗಟ್ಟುವಾಗ ಶೇಕಡಾ ೯ರಷ್ಟು ಹಿಗ್ಗುವುದು ನಿಜ. ಆದರೆ ಇದು ಘನ ಅಳತೆಯ ಹಿಗ್ಗುವಿಕೆ. ಮೂರು ದಿಕ್ಕುಗಳಿಗೂ ಸಮನಾಗಿ ಹಂಚಿದರೆ ಒಂದೊಂದು ದಿಕ್ಕಿಗೆ ಸುಮಾರು ಶೇಕಡಾ ೩ ಮಾತ್ರ. ೮ ಸೆಂಟಿಮೀಟರ್ ಅಗಲಕ್ಕೆ ೨.೪ ಮಿಲಿಮೀಟರ್. ಬೂಟಿನ ಬಾಯಿ ತೆರೆದಿರುವುದರಿಂದ ಮಂಜುಗಡ್ಡೆಯು ಅಡ್ಡಕ್ಕೆ ಒತ್ತುವ ಬದಲು ಮೇಲಕ್ಕೆ ಉಬ್ಬುವುದೇ ಹೆಚ್ಚು. ಮೇಲಾಗಿ ತಣ್ಣಗಾದ ಚರ್ಮದಲ್ಲಿ ಕೊಬ್ಬು ಗಟ್ಟಿಯಾಗಿ ನಾರುಗಳು ಜಾರಲೊಲ್ಲವು. ಶ್ರಮಕ್ಕೆ ತಕ್ಕ ಫಲವಿಲ್ಲ.

ಐದನೆಯದು, ಹರಳೆಣ್ಣೆ. ಹಳ್ಳಿಗಳಲ್ಲಿ ಹೊಸ ಮೆಟ್ಟಿಗೆ ಹರಳೆಣ್ಣೆ ಉಣಿಸುವುದು ಹಳೆಯ ರೂಢಿ, ರೂಢಿ ಒಳ್ಳೆಯದೇ. ಎಣ್ಣೆಯು ನಾರುಗಳ ನಡುವಣ ಘರ್ಷಣೆಯನ್ನು ತಗ್ಗಿಸುತ್ತದೆ, ನೀರು ತೀರ ಇಳಿದು ಚರ್ಮ ಬಿರಿಯದಂತೆ ಕಾಪಾಡುತ್ತದೆ. ಆದರೆ ಎಣ್ಣೆ ತಾನಾಗಿ ಬೂಟನ್ನು ಹಿಗ್ಗಿಸದು. ಎಳೆತ ಬೇರೆ ಬೇಕು. ಕೆಲವು ತೊಟ್ಟು ಸಾಕು. ಹೆಚ್ಚಾದರೆ ಚರ್ಮ ಜೋಲುಬಿದ್ದು ಧೂಳನ್ನು ಹಿಡಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲುಗಳನ್ನು ಹಚ್ಚಲೇಬಾರದು; ಅವು ಚರ್ಮದಲ್ಲಿರುವ ಕೊಬ್ಬನ್ನೂ ತೊಳೆದು ತೆಗೆಯುತ್ತವೆ.

ಎಷ್ಟು ಹಿಗ್ಗಿಸಬಹುದು?

ಪಾದದ ಅಗಲವಾದ ಭಾಗದ ಸುತ್ತಳತೆ ೨೪ ಸೆಂಟಿಮೀಟರ್, ಬೂಟಿನದು ಅದಕ್ಕಿಂತ ೫ ಮಿಲಿಮೀಟರ್ ಕಡಮೆ ಎಂದಿಟ್ಟುಕೊಳ್ಳೋಣ. ಅಟ್ಟೆ ಹಿಗ್ಗದು, ಮೇಲಿನ ಸುಮಾರು ೧೫ ಸೆಂಟಿಮೀಟರ್ ಚರ್ಮವೇ ಈ ೫ ಮಿಲಿಮೀಟರನ್ನು ಕೊಡಬೇಕು. ಇದು ಶೇಕಡಾ ೩ಕ್ಕೆ ಸ್ವಲ್ಪ ಮೇಲೆ. ಹಿಗ್ಗಿದ್ದರಲ್ಲಿ ಅರ್ಧ ಹಿಂದಿರುಗುವುದೆಂದು ಭಾವಿಸಿದರೆ ಶೇಕಡಾ ೬–೭ರಷ್ಟು ಹಿಗ್ಗಿಸಿ ಹಿಡಿದಿಡಬೇಕು. ಇಷ್ಟು ಸಾಧ್ಯ. ಇದರ ಎರಡರಷ್ಟು ಬೇಕಾದರೆ ಹೊಲಿಗೆಯೂ ಅಂಟೂ ತಡೆಯಲಾರವು. ಉದ್ದದ ವಿಷಯದಲ್ಲಿ ಇಷ್ಟೂ ಆಸೆಯಿಡುವಂತಿಲ್ಲ. ಮುಂದೆ ಬೆರಳಿನ ಗೂಡಿಗೂ ಹಿಂದೆ ಹಿಮ್ಮಡಿಗೂ ಗಟ್ಟಿಯಾದ ಒಳಪಟ್ಟಿಗಳನ್ನಿಟ್ಟಿರುತ್ತಾರೆ, ಅಟ್ಟೆಯಂತೂ ಉದ್ದವಾಗದು. ಬೆರಳು ಮುಂದೆ ತಗಲುವ ಬೂಟನ್ನು ಹಿಂದಿರುಗಿಸುವುದೊಂದೇ ಉಪಾಯ.

ಆದುದರಿಂದ ಕೊಳ್ಳುವಾಗಲೇ ಜಾಗರೂಕರಾಗಿರಬೇಕು. ದಿನದ ಓಡಾಟದಿಂದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಸಂಜೆಯ ಹೊತ್ತು ಕೊಳ್ಳುವುದು ಉತ್ತಮ. ಎರಡು ಪಾದಗಳೂ ಸಮನಾಗಿರುವುದು ಅಪರೂಪ. ದೊಡ್ಡದಕ್ಕೆ ಸರಿಯಾದುದನ್ನು ಆರಿಸಬೇಕು. ನಿಂತು ನೋಡಬೇಕು, ಕುಳಿತಲ್ಲ.

ಕೊಂಡ ಮೇಲೆ ಸ್ವಲ್ಪ ಬಿಗಿಯೆನಿಸಿದರೆ ಹೀಗೆ ಮಾಡಬಹುದು. ಕಾಲುಚೀಲದ ಮೇಲೆ ನೋಯುವ ಜಾಗಕ್ಕೆ ಸೀಮೆಸುಣ್ಣ ಉಜ್ಜಿ ಬೂಟು ಹಾಕಿ ತೆಗೆದರೆ ಒಳಗೆ ಗುರುತು ಮೂಡುತ್ತದೆ. ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒಳಗಿನಿಂದಲೇ ಒರೆಸಿ, ಚರ್ಮ ತೇವವಾದ ಮೇಲೆ ಎರಡು ಕಾಲುಚೀಲ ಧರಿಸಿ ಮನೆಯೊಳಗೆ ಇಪ್ಪತ್ತು ನಿಮಿಷ ನಡೆಯಬೇಕು. ತೆಗೆದೊಡನೆ ಬಟ್ಟೆಯ ಸುರುಳಿಗಳನ್ನು ಬಿಗಿಯಾಗಿ ತುಂಬಿ, ನೋಯುವ ಜಾಗಕ್ಕೆ ಸರಿಯಾಗಿ ಒಂದು ಉಂಡೆಯನ್ನು ಹೆಚ್ಚಾಗಿರಿಸಿ, ರಾತ್ರಿಯಿಡೀ ಗಾಳಿಯಾಡುವ ನೆರಳಿನಲ್ಲಿ ಬಿಡಬೇಕು. ಒಣಗಿದ ಮೇಲೆ ಮಾತ್ರ ಬಟ್ಟೆಯನ್ನು ತೆಗೆಯಬೇಕು. ಹೀಗೆ ಮೂರು ರಾತ್ರಿ ಮಾಡಿ, ಕಡೆಗೆ ಎರಡು ತೊಟ್ಟು ಎಣ್ಣೆ ಸವರಬೇಕು. ಯಾತ್ರೆಗೆ ಹೊರಡುವವರು ಮೆಟ್ಟನ್ನು ಎರಡು ಮೂರು ವಾರ ಮೊದಲೇ ಕೊಂಡು, ಮೊದಲ ದಿನ ಅರ್ಧ ಗಂಟೆ, ಮಾರನೆಯ ದಿನ ಒಂದು ಗಂಟೆ, ಹೀಗೆ ಹೆಚ್ಚಿಸುತ್ತ ಬಂದರೆ ಮೆಟ್ಟೂ ಪಾದಕ್ಕೆ ಒಗ್ಗುತ್ತದೆ, ಪಾದದ ಚರ್ಮವೂ ಗಟ್ಟಿಯಾಗುತ್ತದೆ. ದೂರದ ದಾರಿಗೆ ಹಳೆಯ ಮೆಟ್ಟೇ ಗೆಳೆಯ.

ನೋವರಿಯದ ಪಾದ

ಇದುವರೆಗೆ ಹೇಳಿದ್ದೆಲ್ಲ ನೋವನ್ನು ಅರಿಯಬಲ್ಲ ಪಾದಗಳಿಗೆ ಮಾತ್ರ ಸಲ್ಲುತ್ತದೆ. “ನೋಯುವ ಜಾಗ”, “ಬಿಗಿಯೆನಿಸಿದರೆ” ಎಂದು ಹೇಳಿದಾಗಲೆಲ್ಲ ನಾವು ನೋವನ್ನೇ ಅಳತೆಯ ಉಪಕರಣವಾಗಿ ಬಳಸಿದ್ದೇವೆ. ಆ ಉಪಕರಣವೇ ಕೆಟ್ಟಿದ್ದರೆ?

ಸಕ್ಕರೆ ಕಾಯಿಲೆಯು ಬಹುಕಾಲ ಇದ್ದವರಲ್ಲಿ ಪಾದದ ನರಗಳು ಕ್ರಮೇಣ ಕೆಟ್ಟು ಸ್ಪರ್ಶಜ್ಞಾನ ಕುಂದುವುದುಂಟು. ರಕ್ತದ ಹರಿವೂ ಅವರಲ್ಲಿ ಕಡಮೆಯಾಗಿರಬಹುದು. ಇಂತಹವರಿಗೆ ಬಿಗಿಯಾದ ಬೂಟು ಬಿಗಿಯೆಂದೇ ತೋರುವುದಿಲ್ಲ. ಅಷ್ಟೇ ಏಕೆ, ಸರಿಯಾದ ಅಳತೆಯದು ಸಡಿಲವೆಂದು ತೋರಿ, ಕಾಲಿಗೆ ಹಿಡಿದಂತಿರುವ ಚಿಕ್ಕದನ್ನೇ ಆರಿಸಿಕೊಳ್ಳುತ್ತಾರೆ. ಬೊಬ್ಬೆ ಎದ್ದು ಒಡೆದು ಹುಣ್ಣಾದರೂ ಅವರಿಗೆ ಅದು ತಿಳಿಯುವುದು ಕಾಲುಚೀಲಕ್ಕೆ ಕಲೆ ಹತ್ತಿದಾಗಲೇ. ಅಂತಹ ಹುಣ್ಣು ಕೊಳೆತು ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಿ ಬರುವುದು ನಮ್ಮ ಆಸ್ಪತ್ರೆಗಳಲ್ಲಿ ಅಪರೂಪವಲ್ಲ.

ಈ ಸತ್ಯವನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ವೆಲ್ಲೂರಿನಲ್ಲಿ ೧೯೪೬ರಿಂದ ಕೆಲಸಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅಗ್ರಗಣ್ಯರು. ಕುಷ್ಠರೋಗಿಗಳ ಕಾಲುಗಳು ರೋಗದಿಂದ ತಾವಾಗಿಯೇ ಕೊಳೆತು ಉದುರುತ್ತವೆಂದು ಜನ ನಂಬಿದ್ದರು. ಹಾಗಲ್ಲ, ನೋವು ತಿಳಿಯದ ಪಾದದ ಮೇಲೆ ಮೆಟ್ಟೂ ನೆಲವೂ ಮಾಡಿದ ಗಾಯಗಳೇ ಇದಕ್ಕೆ ಕಾರಣವೆಂದು ಅವರೂ ಅವರ ಸಂಗಡಿಗರೂ ತೋರಿಸಿದರು. ಒತ್ತಡವನ್ನು ಹರಡುವ ಮೃದುವಾದ ರಬ್ಬರಿನ ಮೆಟ್ಟುಗಳಿಂದ ಆ ಗಾಯಗಳನ್ನು ತಡೆಯಬಹುದೆಂಬುದೂ ಕಂಡುಬಂತು. ತತ್ತ್ವವು ನಾವು ಮೊದಲೇ ನೋಡಿದ್ದು: ಭಾರ ಒಂದೇ ಆದರೂ ಅದು ಬೀಳುವ ಜಾಗ ಹೆಚ್ಚಿದರೆ ಒತ್ತಡ ತಗ್ಗುತ್ತದೆ.

ಸಕ್ಕರೆ ಕಾಯಿಲೆಯವರು ಬೂಟನ್ನು ತೊಟ್ಟು ಪಳಗಿಸುವ ಗೊಡವೆಗೆ ಹೋಗತಕ್ಕದ್ದಲ್ಲ. ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಯಿಸಿ, ಆ ಚಿತ್ರಕ್ಕಿಂತ ಬೂಟು ಅಗಲವಾಗಿದೆಯೇ ಎಂದು ಕಣ್ಣಿನಿಂದ ನೋಡಿ ಕೊಳ್ಳಬೇಕು. ಹೊಸದನ್ನು ಮೊದಲ ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ತೊಡಬಾರದು. ತೆಗೆದೊಡನೆ ಪಾದದಲ್ಲಿ ಕೆಂಪಾದ ಜಾಗವಿದೆಯೇ ಎಂದು ಪರೀಕ್ಷಿಸಬೇಕು. ದಿನವೂ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೆ ಮನೆಯವರಿಗೆ ತೋರಿಸಬೇಕು. ಜಾತ್ರೆಯ ಸುಡುನೆಲದಲ್ಲಿ ಬರಿಗಾಲಿನಲ್ಲಿ ನಡೆಯುವುದೂ ಇವರಿಗೆ ಅಪಾಯವೇ. ಸಣ್ಣ ಗಾಯವಾದರೂ ಅದೇ ದಿನ ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಇಂತಹ ಹಿರಿಯರಿದ್ದರೆ ಅವರ ಪಾದಗಳನ್ನೂ ಮೆಟ್ಟುಗಳ ಒಳಭಾಗವನ್ನೂ ಇಂದೇ ಒಮ್ಮೆ ನೋಡುವಂತೆ ವಾಚಕರನ್ನು ಕೋರುತ್ತೇವೆ. ಒಳಗೆ ಮೊಳೆಯ ತುದಿಯೋ ಮಡಿಸಿಕೊಂಡ ಚರ್ಮವೋ ಇದ್ದೀತು. ಅದನ್ನು ಕಂಡುಹಿಡಿಯಲು ಬೇಕಾದದ್ದು ಒಳಗೆ ಕೈಯಾಡಿಸುವ ಅರ್ಧ ನಿಮಿಷ ಮಾತ್ರ.